ಕ್ಯಾಲಿಸ್ಟೊ ರೇಡಿಯೊ ಸ್ಪೆಕ್ಟ್ರೋಮೀಟರ್: ಚಿಕ್ಕಬಳ್ಳಾಪುರದ ತಾರಸಿಗೆ ತಕ್ಕ ಪೆಟ್ಟಿಗೆಯೇ?

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೂರ್ಯನ ರೇಡಿಯೊ ಸಿಡಿತಗಳನ್ನು ಹಿಡಿಯಲು ಕಾಲೇಜಿನ ಭೌತಶಾಸ್ತ್ರ ವಿಭಾಗವೋ ಹವ್ಯಾಸಿಗಳ ಗುಂಪೋ ಇಟ್ಟುಕೊಳ್ಳಬಹುದಾದ ಉಪಕರಣಗಳಲ್ಲಿ ಕ್ಯಾಲಿಸ್ಟೊಗೆ ಸಾಟಿಯಾದದ್ದು ಕಡಿಮೆ. ಆದರೂ ಎರಡನೇ ಬಗೆಯ ಸಿಡಿತಕ್ಕೆ (ಆಘಾತ ತರಂಗದಿಂದ ಹುಟ್ಟಿ ನಿಮಿಷಗಟ್ಟಲೆ ಇರುವುದು) ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರೆ ಮೂರನೇ ಬಗೆಗೆ (ವೇಗದ ಇಲೆಕ್ಟ್ರಾನ್‌ಗಳಿಂದ ಹುಟ್ಟಿ ಸೆಕೆಂಡುಗಳಲ್ಲಿ ಮುಗಿಯುವುದು) ಆರಕ್ಕಿಂತ ಹೆಚ್ಚು ಕೊಡಲಾಗದು. ತಪ್ಪು ಪೆಟ್ಟಿಗೆಯದಲ್ಲ. ಸೂರ್ಯನ ಮೇಲಿನ ಪ್ಲಾಸ್ಮಾದ (ಇಲೆಕ್ಟ್ರಾನ್, ಅಯಾನುಗಳಾಗಿ ಬಿಡಿಬಿಡಿಯಾದ ಬಿಸಿ ಅನಿಲದ) ಅಲೆಗಳು ರೇಡಿಯೊ ಅಲೆಗಳಾಗುವ ವೇಗ ಒಂದು ಕಡೆ, ಈ ಪೆಟ್ಟಿಗೆ ಅಳತೆ ತೆಗೆಯುವ ವೇಗ ಇನ್ನೊಂದು ಕಡೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಕೊಂಡವರು ಆಮೇಲೆ ಬೈದುಕೊಳ್ಳುತ್ತಾರೆ.

ಪೆಟ್ಟಿಗೆಯೊಳಗೆ ಬೆರಗಾಗುವಂಥದ್ದೇನೂ ಇಲ್ಲ. ಕೇಬಲ್ ಟೀವಿಗೆಂದು ತಯಾರಾದ ಒಂದು ಟ್ಯೂನರ್, ಬಂದ ಶಕ್ತಿಯನ್ನು ಲಾಗರಿದಮ್ ಲೆಕ್ಕದಲ್ಲಿ ವೋಲ್ಟೇಜಾಗಿ ಕೊಡುವ ಡಿಟೆಕ್ಟರ್, ಒಂದು ಸಣ್ಣ ಮೈಕ್ರೊಕಂಟ್ರೋಲರ್, 12 ವೋಲ್ಟಿನ ಸರಬರಾಜು, ಕಂಪ್ಯೂಟರಿಗೆ ಹೋಗುವ ಸೀರಿಯಲ್ ಕೇಬಲ್, ಇಷ್ಟೇ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ ಕ್ರಿಶ್ಚಿಯನ್ ಮೊನ್‌ಸ್ಟೈನ್ ಮತ್ತು ಸಂಗಡಿಗರು ರೂಪಿಸಿದ ಈ ಉಪಕರಣ 45ರಿಂದ 870 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಕಿವಿ ಇಡುತ್ತದೆ. ಕಂಪನಾಂಕವನ್ನು 62.5 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಬದಲಿಸಬಹುದು. ಪ್ರತಿ ಹೆಜ್ಜೆಯಲ್ಲಿ ಅದು ಕೇಳುವ ಪಟ್ಟಿಯ ಅಗಲ ಸುಮಾರು 300 ಕಿಲೋಹರ್ಟ್ಸ್, ಕೇಳುವ ಹೊತ್ತು 1 ಮಿಲಿಸೆಕೆಂಡ್. ಎಷ್ಟೇ ಅವಸರ ಮಾಡಿದರೂ ಸೆಕೆಂಡಿಗೆ 800 ಅಳತೆ. ವಾಡಿಕೆಯಂತೆ 200 ಚಾನಲ್, ಅಂದರೆ ಅಳೆಯಬೇಕಾದ 200 ಕಂಪನಾಂಕ, ಇಟ್ಟರೆ ಸೆಕೆಂಡಿಗೆ 4 ಸಲ ಪೂರ್ತಿ ಪಟ್ಟಿ ಓದಿ ಮುಗಿಸುತ್ತದೆ. ಈ 4 ಎಂಬ ಸಂಖ್ಯೆ ನೆನಪಿರಲಿ, ಮುಂದಿನ ತಕರಾರೆಲ್ಲ ಅದರದ್ದೇ.

ಪೆಟ್ಟಿಗೆ ಅಳೆಯುವುದು ಕಂಪನಾಂಕವನ್ನು. ನಮಗೆ ಬೇಕಾದದ್ದು ಸೂರ್ಯನ ಮೇಲ್ಮೈಯಿಂದ ಎತ್ತರ. ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿ ಇರುವುದು ಪ್ಲಾಸ್ಮಾದ ಒಂದು ಸ್ವಭಾವದಿಂದ. ಪ್ಲಾಸ್ಮಾದಲ್ಲಿ ಇಲೆಕ್ಟ್ರಾನ್‌ಗಳನ್ನು ಸ್ವಲ್ಪ ಸರಿಸಿ ಬಿಟ್ಟರೆ ಭಾರವಾದ ಅಯಾನುಗಳು ಅವನ್ನು ಹಿಂದಕ್ಕೆ ಎಳೆಯುತ್ತವೆ. ಅವು ದಾಟಿಹೋಗಿ ಮತ್ತೆ ಮರಳುತ್ತವೆ, ಹೀಗೆ ತೂಗುತ್ತಲೇ ಇರುತ್ತವೆ. ಈ ತೂಗಾಟದ ಕಂಪನಾಂಕ ಇಲೆಕ್ಟ್ರಾನ್ ಸಾಂದ್ರತೆಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ: ಒಂದು ಘನ ಸೆಂಟಿಮೀಟರಿನಲ್ಲಿರುವ ಇಲೆಕ್ಟ್ರಾನ್‌ಗಳ ಸಂಖ್ಯೆಯ ವರ್ಗಮೂಲವನ್ನು 8.98ರಿಂದ ಗುಣಿಸಿದರೆ ಉತ್ತರ ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಘನ ಸೆಂಟಿಮೀಟರಿಗೆ 10 ಕೋಟಿ ಇದ್ದರೆ ಸುಮಾರು 90 ಮೆಗಾಹರ್ಟ್ಸ್, 1 ಕೋಟಿ ಇದ್ದರೆ 28. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಮೇಲಕ್ಕೆ ಹೋದಂತೆ ಸಾಂದ್ರತೆ ಇಳಿಯುತ್ತದೆ, ಅದರ ಜೊತೆಗೆ ಕಂಪನಾಂಕವೂ. ನ್ಯೂಕಿರ್ಕ್ ಅವರ ಸಾಂದ್ರತೆಯ ಮಾದರಿಯನ್ನು ಹಿಡಿದರೆ 80 ಮೆಗಾಹರ್ಟ್ಸ್‌ನ ಪದರ ಸೂರ್ಯನ ಕೇಂದ್ರದಿಂದ 1.32 ಸೌರತ್ರಿಜ್ಯ ದೂರದಲ್ಲಿ, 45ರ ಪದರ 1.56ರಲ್ಲಿ ಬೀಳುತ್ತದೆ. ಅಂದರೆ ಪರದೆಯ ಮೇಲೆ ಕಾಣುವ ಚಿತ್ರದಲ್ಲಿ (ಅಡ್ಡಕ್ಕೆ ಸಮಯ, ನೆಟ್ಟಗೆ ಕಂಪನಾಂಕ) ಕಂಪನಾಂಕದ ಅಕ್ಷವೇ ಎತ್ತರದ ಅಕ್ಷ.

ಆದರೆ ಈ ತೂಗಾಟ ತಾನಾಗಿ ರೇಡಿಯೊ ಅಲೆಯಾಗಿ ಹೊರಗೆ ಬರುವುದಿಲ್ಲ. ಲ್ಯಾಂಗ್‌ಮ್ಯೂರ್ ಅಲೆ ಎಂದು ಹೆಸರಾದ ಇದು ಹುಟ್ಟಿದ ಪ್ಲಾಸ್ಮಾದಲ್ಲೇ ಉಳಿಯುವ ಅಲೆ. ಅದರ ವಿದ್ಯುತ್ ಕ್ಷೇತ್ರ ಅಲೆ ಸಾಗುವ ದಿಕ್ಕಿನಲ್ಲೇ ಆಡುತ್ತದೆ, ನಿರ್ವಾತದಲ್ಲಿ ಅದಕ್ಕೆ ನೆಲೆಯಿಲ್ಲ. ಇದು ಮೊದಲು ಬೆಳೆಯಬೇಕು, ಆಮೇಲೆ ವೇಷ ಬದಲಿಸಬೇಕು.

ಬೆಳೆಯುವುದು ಹೀಗೆ. ಸೌರಜ್ವಾಲೆಯಲ್ಲಿ ಕಾಂತಕ್ಷೇತ್ರದ ಗೆರೆಗಳು ಕಡಿದು ಮತ್ತೆ ಜೋಡಿಸಿಕೊಂಡಾಗ ಇಲೆಕ್ಟ್ರಾನ್‌ಗಳ ಒಂದು ದಂಡು ಬೆಳಕಿನ ವೇಗದ ಹತ್ತರಲ್ಲೊಂದರಿಂದ ಅರ್ಧದವರೆಗಿನ ವೇಗದಲ್ಲಿ ಹೊರಡುತ್ತದೆ. ವೇಗದವು ಮುಂದೆ, ನಿಧಾನದವು ಹಿಂದೆ. ದಂಡಿನ ಮುಂಭಾಗ ತಲುಪಿದ ಜಾಗದಲ್ಲಿ ನಡುವೇಗದ ಇಲೆಕ್ಟ್ರಾನ್‌ಗಳಿಗಿಂತ ಹೆಚ್ಚು ವೇಗದವೇ ಜಾಸ್ತಿ ಇರುವ ವಿಚಿತ್ರ ಪರಿಸ್ಥಿತಿ ಏರ್ಪಡುತ್ತದೆ. ನಂದಿಯ ತೇರನ್ನು ನೆನೆದುಕೊಳ್ಳಿ. ತೇರಿಗಿಂತ ತುಸು ಬೇಗ ನಡೆಯುವವರು ಅದನ್ನು ತಳ್ಳುತ್ತಾರೆ, ತುಸು ನಿಧಾನದವರು ಜೋತುಬಿದ್ದು ಎಳೆಸಿಕೊಳ್ಳುತ್ತಾರೆ. ತಳ್ಳುವವರು ಹೆಚ್ಚಿದ್ದರೆ ಶಕ್ತಿ ತೇರಿಗೆ ಹೋಗುತ್ತದೆ. ಲ್ಯಾಂಗ್‌ಮ್ಯೂರ್ ಅಲೆಗೂ ಅಷ್ಟೇ: ತನ್ನ ಉಬ್ಬುಗಳು ಸಾಗುವ ವೇಗಕ್ಕಿಂತ, ಅಂದರೆ ಹಂತವೇಗಕ್ಕಿಂತ, ತುಸು ವೇಗದ ಇಲೆಕ್ಟ್ರಾನ್‌ಗಳಿಂದ ಶಕ್ತಿ ಪಡೆಯುತ್ತದೆ, ತುಸು ನಿಧಾನದವಕ್ಕೆ ಕೊಡುತ್ತದೆ. ವೇಗದವು ಹೆಚ್ಚಿದ್ದ ಕಡೆ ಅಲೆ ಕೊಬ್ಬುತ್ತದೆ.

ಇಲ್ಲಿ ಒಂದು ಹಳೆಯ ತೊಡಕಿದೆ. ಹೀಗೆ ಶಕ್ತಿ ಸುರಿಯುತ್ತಾ ಹೋದರೆ ದಂಡು ಸ್ವಲ್ಪ ದೂರದಲ್ಲೇ ಸುಸ್ತಾಗಿ ನಿಲ್ಲಬೇಕಲ್ಲ ಎಂದು 1964ರಲ್ಲಿ ಸ್ಟರಾಕ್ ಕೇಳಿದರು. ವಾಸ್ತವದಲ್ಲಿ ಇಂಥ ದಂಡುಗಳು ಭೂಮಿಯ ದೂರಕ್ಕೂ ಬರುತ್ತವೆ. ಉತ್ತರ ಇರುವುದು ದಂಡಿನ ಬಾಲದಲ್ಲಿ: ಮುಂಭಾಗ ಬೆಳೆಸಿದ ಅಲೆಗಳನ್ನು ಹಿಂದಿನಿಂದ ಬರುವ ನಿಧಾನದ ಇಲೆಕ್ಟ್ರಾನ್‌ಗಳು ಹೀರಿಕೊಂಡು ಶಕ್ತಿಯನ್ನು ದಂಡಿಗೇ ಮರಳಿಸುತ್ತವೆ. ಎಡಗೈ ಕೊಟ್ಟದ್ದನ್ನು ಬಲಗೈ ಪಡೆದ ಹಾಗೆ. ಈ ಅಲೆಗಳು ಬರೀ ಕಾಗದದ ಮೇಲಿನ ಲೆಕ್ಕವೂ ಅಲ್ಲ. ಹೀಲಿಯೋಸ್ ನೌಕೆಗಳು ಮೂರನೇ ಬಗೆಯ ಸಿಡಿತದ ಜೊತೆಯಲ್ಲೇ ಲ್ಯಾಂಗ್‌ಮ್ಯೂರ್ ಅಲೆಗಳನ್ನು ಸ್ಥಳದಲ್ಲೇ ಅಳೆದದ್ದನ್ನು 1976ರಲ್ಲಿ ಗರ್ನೆಟ್ ಮತ್ತು ಆಂಡರ್ಸನ್ ವರದಿ ಮಾಡಿದರು.

ವೇಷ ಬದಲಿಸುವ ಹಂತವನ್ನು ಮೊದಲು ವಿವರಿಸಿದವರು 1958ರಲ್ಲಿ ಗಿಂಜ್‌ಬರ್ಗ್ ಮತ್ತು ಝೆಲೆಜ್ನ್ಯಾಕೊವ್. ದಾರಿ ಎರಡು. ಲ್ಯಾಂಗ್‌ಮ್ಯೂರ್ ಅಲೆ ಪ್ಲಾಸ್ಮಾದ ಅಯಾನು-ಧ್ವನಿ ಅಲೆಯೊಂದಿಗೆ (ಅಯಾನುಗಳು ಒತ್ತಿ ಸಡಿಲಿ ಸಾಗುವ, ಧ್ವನಿಯಂಥ ಅಲೆ) ಕೂಡಿಯೋ, ಅಂಥದ್ದೊಂದನ್ನು ಉಗುಳಿಯೋ ಅದೇ ಕಂಪನಾಂಕದ ಆಸುಪಾಸಿನ ರೇಡಿಯೊ ಅಲೆಯಾಗಬಹುದು. ಇದು ಮೂಲ ಸ್ವರ. ಇಲ್ಲವೇ ಎರಡು ಲ್ಯಾಂಗ್‌ಮ್ಯೂರ್ ಅಲೆಗಳು ಎದುರುಬದುರಾಗಿ ಬಂದು ಕೂಡಿ ಎರಡರಷ್ಟು ಕಂಪನಾಂಕದ ರೇಡಿಯೊ ಅಲೆಯಾಗಬಹುದು. ಇದು ಎರಡನೇ ಸ್ವರ. ಎದುರುಬದುರೇ ಏಕೆಂದರೆ, ರೇಡಿಯೊ ಅಲೆಯ ಉದ್ದ ಲ್ಯಾಂಗ್‌ಮ್ಯೂರ್ ಅಲೆಗಿಂತ ಬಹಳ ಹೆಚ್ಚು, ಅದರ ಸಂವೇಗ ಬಹಳ ಕಡಿಮೆ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಸಂವೇಗದ ಲೆಕ್ಕ ಹೊಂದದು. ಹಿಮ್ಮುಖ ಅಲೆ ಎಲ್ಲಿಂದ ಬರಬೇಕು? ಮೊದಲ ಅಲೆಯೇ ಅಯಾನು-ಧ್ವನಿ ಅಲೆಯನ್ನು ಉಗುಳಿ ಹಿಂದಕ್ಕೆ ತಿರುಗುವುದರಿಂದ.

ಇಷ್ಟು ವಿವರ ಪೆಟ್ಟಿಗೆಯ ವಿಮರ್ಶೆಯಲ್ಲಿ ಯಾಕೆ ಎನ್ನುವವರಿಗೆ: ಪರದೆಯ ಮೇಲೆ 80 ಮೆಗಾಹರ್ಟ್ಸ್‌ನಲ್ಲಿ ಕಂಡ ಗೆರೆ ಮೂಲ ಸ್ವರವೋ ಎರಡನೆಯದೋ ಎಂಬುದನ್ನು ಕ್ಯಾಲಿಸ್ಟೊ ತಾನಾಗಿ ಹೇಳುವುದಿಲ್ಲ. ಆ ಒಂದು ಅನುಮಾನ ವೇಗದ ಉತ್ತರವನ್ನು ಒಂದೂವರೆಪಟ್ಟು ಬದಲಿಸುತ್ತದೆ.

ಲೆಕ್ಕ ನೋಡಿ. ಮೂರನೇ ಬಗೆಯ ಸಿಡಿತ ಕಂಪನಾಂಕದಲ್ಲಿ ಕೆಳಗಿಳಿಯುವ ವೇಗಕ್ಕೆ ಆಲ್ವಾರೆಜ್ ಮತ್ತು ಹ್ಯಾಡಕ್ 1973ರಲ್ಲಿ ಕೊಟ್ಟ ಸೂತ್ರವಿದೆ: ಮೆಗಾಹರ್ಟ್ಸ್‌ನಲ್ಲಿನ ಕಂಪನಾಂಕದ 1.84ನೇ ಘಾತವನ್ನು 0.01ರಿಂದ ಗುಣಿಸಿ. 80ರಲ್ಲಿ ಅದು ಸೆಕೆಂಡಿಗೆ ಸುಮಾರು 32 ಮೆಗಾಹರ್ಟ್ಸ್, 50ರಲ್ಲಿ 13. ಕೂಡಿಸಿ ನೋಡಿದರೆ 80ರಿಂದ 45ಕ್ಕೆ ಇಳಿಯಲು 1.86 ಸೆಕೆಂಡ್ ಸಾಕು. ಸೆಕೆಂಡಿಗೆ 4 ಓದು ಎಂದರೆ ಇಡೀ ಘಟನೆಗೆ ಏಳು ಚುಕ್ಕೆ. ಆ ಏಳು ಚುಕ್ಕೆಗಳಿಂದ, ಮೂಲ ಸ್ವರ ಎಂದುಕೊಂಡರೆ ದಂಡಿನ ವೇಗ ಸೆಕೆಂಡಿಗೆ ಸುಮಾರು 89,000 ಕಿ.ಮೀ., ಬೆಳಕಿನ ವೇಗದ 0.30. ಎರಡನೇ ಸ್ವರ ಎಂದುಕೊಂಡರೆ ಅದೇ ಗೆರೆ 40ರಿಂದ 22.5ರ ಪದರಗಳ ನಡುವಿನದಾಗುತ್ತದೆ, ವೇಗ 0.46ಕ್ಕೆ ಜಿಗಿಯುತ್ತದೆ.

ಇದರ ಮೇಲೆ ಇನ್ನೊಂದು ಸಣ್ಣ ಮೋಸ. ಪೆಟ್ಟಿಗೆ ಚಾನಲ್‌ಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ, ಒಂದಕ್ಕೆ 1.25 ಮಿಲಿಸೆಕೆಂಡ್. ಕಡತದಲ್ಲಿ ಒಂದೇ ಕಾಲಮ್ಮಿನಲ್ಲಿ ಕೂತ 200 ಅಳತೆಗಳು ನಿಜಕ್ಕೂ ಕಾಲು ಸೆಕೆಂಡಿನಲ್ಲಿ ಚೆಲ್ಲಾಡಿಕೊಂಡಿವೆ. 130 ಚಾನಲ್‌ಗಳ ಮೇಲೆ ಹರಡಿದ ಗೆರೆಗೆ ಇದು 0.16 ಸೆಕೆಂಡ್, 1.86ರಲ್ಲಿ ಸುಮಾರು 9 ಶೇಕಡಾ. ವಿದ್ಯಾರ್ಥಿಗಳ ವರದಿಗಳಲ್ಲಿ ಈ ತಿದ್ದುಪಡಿ ಬಿಟ್ಟುಹೋಗುವುದೇ ಹೆಚ್ಚು. ಮೂರನೇ ಬಗೆಯೇ ಮುಖ್ಯ ಎನ್ನುವವರು ಚಾನಲ್‌ಗಳನ್ನು 100ಕ್ಕೆ ಇಳಿಸಿ ಸೆಕೆಂಡಿಗೆ 8 ಓದು ಪಡೆಯಲಿ. ಅಷ್ಟು ಮಾಡಿದರೂ ಒಂದರ ಬೆನ್ನಿಗೊಂದು ಬರುವ ಗುಂಪು ಸಿಡಿತಗಳು ಬೆರೆತುಹೋಗುತ್ತವೆ. ಅದಕ್ಕೇ ಆರು ಅಂಕ.

ಎರಡನೇ ಬಗೆಯದು ಬೇರೆ ಜಾತಿ. ಅಲ್ಲಿ ಅಲೆ ಎಬ್ಬಿಸುವುದು ಕರೋನಾದಲ್ಲಿ ನುಗ್ಗುವ ಆಘಾತ ತರಂಗದ ಅಂಚಿನಲ್ಲಿ ವೇಗ ಪಡೆದ ಇಲೆಕ್ಟ್ರಾನ್‌ಗಳು. ಆಘಾತದ ವೇಗ ಸೆಕೆಂಡಿಗೆ ಸಾವಿರ ಕಿ.ಮೀ. ಆಸುಪಾಸು. 60 ಮೆಗಾಹರ್ಟ್ಸ್ ಬಳಿ ಅದೇ ನ್ಯೂಕಿರ್ಕ್ ಮಾದರಿಯಲ್ಲಿ ಸಾವಿರ ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 0.21 ಮೆಗಾಹರ್ಟ್ಸ್ ಇಳಿಕೆ. ಈ ಗೆರೆ ನಿಮಿಷಗಟ್ಟಲೆ ಪರದೆಯ ಮೇಲೆ ಓರೆಯಾಗಿ ಹರಿಯುತ್ತದೆ, ನೂರಾರು ಚುಕ್ಕೆ ಸಿಗುತ್ತವೆ, ಕಾಲು ಸೆಕೆಂಡಿನ ಚೆಲ್ಲಾಟ ಲೆಕ್ಕಕ್ಕೇ ಬಾರದು. ಅದೃಷ್ಟವಿದ್ದರೆ ಪ್ರತಿ ಗೆರೆಯೂ ಎರಡಾಗಿ ಸೀಳಿರುವುದೂ ಕಾಣುತ್ತದೆ. ಸ್ಮರ್ಡ್ ಮತ್ತು ಸಂಗಡಿಗರ ವಿವರಣೆಯಂತೆ ಮೇಲಿನ ಎಳೆ ಆಘಾತದ ಹಿಂದಿನ ಒತ್ತಿದ ಪ್ಲಾಸ್ಮಾದ್ದು, ಕೆಳಗಿನದು ಮುಂದಿನ ಪ್ಲಾಸ್ಮಾದ್ದು. ಒಂದೇ ಕ್ಷಣದಲ್ಲಿ ಎಳೆಗಳು 60 ಮತ್ತು 50ರಲ್ಲಿದ್ದರೆ ಅನುಪಾತ 1.2, ಅದರ ವರ್ಗ 1.44, ಅಂದರೆ ಆಘಾತ ಪ್ಲಾಸ್ಮಾವನ್ನು 44 ಶೇಕಡಾ ಒತ್ತಿದೆ. ತಾರಸಿಯ ಮೇಲಿನ ಆಂಟೆನಾದಿಂದ ಇಷ್ಟು ಭೌತಶಾಸ್ತ್ರ ಸಿಗುವುದಾದರೆ ಒಂಬತ್ತು ಅಂಕ ಕೊಡದೆ ಇರಲಾಗದು.

ಮೂಲ ಸ್ವರ ಯಾವುದೆಂಬ ಅನುಮಾನ ಕಳೆಯಬೇಕಾದರೆ ಎರಡೂ ಸ್ವರ ಒಟ್ಟಿಗೆ ಸಿಗಬೇಕು. ಅವುಗಳ ನಡುವಿನ ಅನುಪಾತ ಪುಸ್ತಕದಲ್ಲಿ 2, ಅಳತೆಯಲ್ಲಿ 1.8ರ ಸುತ್ತ. ಮೂಲ ಸ್ವರ ತಾನು ಹುಟ್ಟಿದ ಪದರದ ಸನಿಹದಲ್ಲೇ ಚದುರಿ, ಭಾಗಶಃ ಹೀರಲ್ಪಟ್ಟು, ತಡವಾಗಿ ಹೊರಬರುವುದು ಇದಕ್ಕೆ ಒಂದು ಕಾರಣ. ನಮ್ಮ ಜಿಲ್ಲೆಗಳಲ್ಲಿ ಎಫ್‌ಎಂ ಆಟ ಕೆಡಿಸುವುದೂ ಇಲ್ಲೇ. ಮೂಲ ಸ್ವರ 50ರಲ್ಲಿದ್ದರೆ ಜೊತೆಗಾರ 90ರಲ್ಲಿ, ಅಂದರೆ 88ರಿಂದ 108ರವರೆಗಿನ ಸಿನಿಮಾ ಹಾಡುಗಳ ಕೆಳಗೆ ಹೂತುಹೋಗಿರುತ್ತದೆ. ಆದ್ದರಿಂದ ಕಂಪನಾಂಕಗಳ ಕಡತವನ್ನು ಪೆಟ್ಟಿಗೆಯ ಜೊತೆ ಬಂದ ಹಾಗೇ ಬಿಡಬಾರದು. ನಮ್ಮ ಸಲಹೆ: 45ರಿಂದ 84ರವರೆಗೆ 0.3 ಮೆಗಾಹರ್ಟ್ಸ್‌ಗೊಂದರಂತೆ 130 ಚಾನಲ್. ಅದು ಪೆಟ್ಟಿಗೆಯ ಪಟ್ಟಿಯ ಅಗಲಕ್ಕೆ ಸರಿಸಮ, ನಡುವೆ ಬಿಟ್ಟುಹೋದ ಜಾಗವೂ ಇಲ್ಲ, ಒಂದರ ಮೇಲೊಂದು ಬಿದ್ದದ್ದೂ ಇಲ್ಲ. ಉಳಿದ 70 ಚಾನಲ್‌ಗಳನ್ನು 114ರಿಂದ 170ರವರೆಗೆ, ಗದ್ದಲವಿಲ್ಲದ ಜಾಗ ಹುಡುಕಿ ಹಂಚಿ. ಹೀಗೆ ಮಾಡಿದರೆ 64ರಿಂದ 84ರವರೆಗಿನ ಮೂಲ ಸ್ವರಕ್ಕೆ 115ರಿಂದ 151ರಲ್ಲಿ ಜೊತೆಗಾರ ಸಿಗುತ್ತದೆ. ಗದ್ದಲವಿಲ್ಲದ ಜಾಗ ಹುಡುಕಲು ಪೆಟ್ಟಿಗೆಯ ತಂತ್ರಾಂಶದಲ್ಲೇ ಇಡೀ ವ್ಯಾಪ್ತಿಯನ್ನು 13,200 ಹೆಜ್ಜೆಗಳಲ್ಲಿ ತಡಕುವ ಸೌಲಭ್ಯವಿದೆ. ಅದನ್ನು ಬೆಳಿಗ್ಗೆ, ನಡುಹಗಲು, ಸಂಜೆ, ಹಾಗೂ ಮೂರು ಫೇಸ್ ಕರೆಂಟು ಇರುವ ಹೊತ್ತಿನಲ್ಲಿ ಬೇರೆಬೇರೆಯಾಗಿ ಓಡಿಸಿ. ಒಂದೇ ಸಲ ಓಡಿಸಿ ಮುಗಿಸಿದರೆ ಮೋಸಹೋಗುತ್ತೀರಿ.

ಸ್ವರಗಳನ್ನು ಬೇರ್ಪಡಿಸಲು ಧ್ರುವೀಕರಣ, ಅಂದರೆ ಅಲೆಯ ವಿದ್ಯುತ್ ಕ್ಷೇತ್ರ ಆಡುವ ರೀತಿ, ಇನ್ನೊಂದು ದಾರಿ. ಮೂಲ ಸ್ವರದಲ್ಲಿ ವೃತ್ತಾಕಾರದ ಧ್ರುವೀಕರಣ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಆದರೆ ಅದಕ್ಕೆ ಅಡ್ಡ-ಉದ್ದ ಜೋಡಿಸಿದ ಎರಡು ಆಂಟೆನಾ, ಹೈಬ್ರಿಡ್ ಕಪ್ಲರ್, ಎರಡು ಕ್ಯಾಲಿಸ್ಟೊ ಬೇಕು. ಮೊದಲ ವರ್ಷ ಆ ಆಸೆ ಬೇಡ.

ಈಗ ಆಂಟೆನಾ. ಪೆಟ್ಟಿಗೆಗಿಂತ ಮೊದಲು ಆಂಟೆನಾ ಎಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಕಾಣಬಹುದು, ಆದರೆ ಇಲ್ಲಿ ಅದೇ ಸರಿಯಾದ ಕ್ರಮ. ಬೇಕಾದದ್ದು ಲಾಗ್ ಪೀರಿಯಾಡಿಕ್ ಆಂಟೆನಾ, ಅಂದರೆ ಉದ್ದದಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗುವ ಕಡ್ಡಿಗಳ ಸಾಲು. 45 ಮೆಗಾಹರ್ಟ್ಸ್‌ಗೆ ಅತಿ ಉದ್ದದ ಕಡ್ಡಿ ತುದಿಯಿಂದ ತುದಿಗೆ 3.3 ಮೀಟರಿಗೆ ಕಡಿಮೆಯಿರಬಾರದು. ಸೂರ್ಯನನ್ನು ಹಿಂಬಾಲಿಸಲು ಮೋಟರು ಬೇಕೆಂದು ಹಣ ಸುರಿಯುವವರಿದ್ದಾರೆ. ಈ ಅಕ್ಷಾಂಶದಲ್ಲಿ ಅದರ ಅಗತ್ಯವಿಲ್ಲ. ಚಿಕ್ಕಬಳ್ಳಾಪುರ ಇರುವುದು 13.4 ಡಿಗ್ರಿ ಉತ್ತರದಲ್ಲಿ. ನಡುಹಗಲ ಸೂರ್ಯ ಜೂನ್‌ನಲ್ಲಿ ನೆತ್ತಿಯಿಂದ 10 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ 37 ಡಿಗ್ರಿ ದಕ್ಷಿಣಕ್ಕೆ. ಆಂಟೆನಾವನ್ನು ಆಕಾಶಕ್ಕೆ ಮುಖಮಾಡಿ, ಸೋಲಾರ್ ಪ್ಯಾನಲ್ ವಾಲಿಸುವ ಹಾಗೆ ದಕ್ಷಿಣಕ್ಕೆ 13 ಡಿಗ್ರಿ ವಾಲಿಸಿದರೆ ವರ್ಷವಿಡೀ ಸೂರ್ಯ ಅದರ ನಡುಗೆರೆಯಿಂದ 24 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಕಡ್ಡಿಗಳು ಉತ್ತರ-ದಕ್ಷಿಣವಾಗಿರಲಿ. ಲಾಗ್ ಪೀರಿಯಾಡಿಕ್‌ನ ನೋಟ ಕಡ್ಡಿಯುದ್ದಕ್ಕೆ ಸುಮಾರು 60 ಡಿಗ್ರಿ, ಕಡ್ಡಿಗೆ ಅಡ್ಡಲಾಗಿ ನೂರಕ್ಕೂ ಹೆಚ್ಚು. ಆ ಅಗಲದ ಭಾಗ ಪೂರ್ವ-ಪಶ್ಚಿಮಕ್ಕೆ ಬಂದರೆ ಬೆಳಿಗ್ಗೆ 9ರ ಸುಮಾರಿಂದ ಮಧ್ಯಾಹ್ನ 3.45ರವರೆಗೆ ಸೂರ್ಯ ಅರ್ಧಶಕ್ತಿಯ ಮಿತಿಯೊಳಗೇ ಇರುತ್ತಾನೆ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.19ಕ್ಕೆ. ಗಡಿಯಾರದ 12ನ್ನು ನಂಬಿ ದಕ್ಷಿಣೋತ್ತರ ಗೆರೆ ಎಳೆಯಬೇಡಿ.

ಉದ್ದದ ಕಡ್ಡಿ ತಾರಸಿಯಿಂದ ಕನಿಷ್ಠ 1.7 ಮೀಟರ್ ಮೇಲಿರಲಿ, 45ರಲ್ಲಿ ಅದು ಕಾಲು ತರಂಗದುದ್ದ. ಆರ್‌ಸಿಸಿಯೊಳಗಿನ ಕಬ್ಬಿಣ ಹತ್ತಿರವಾದಷ್ಟೂ ಕೆಳ ಕಂಪನಾಂಕಗಳಲ್ಲಿ ಆಂಟೆನಾ ದಾರಿ ತಪ್ಪುತ್ತದೆ. ಸಂಪರ್ಕದ ತುದಿ ಚಿಕ್ಕ ಕಡ್ಡಿಗಳ ಕಡೆ, ಅಂದರೆ ಮೇಲಕ್ಕೆ ಇರುವುದರಿಂದ ಮಳೆನೀರು ನೇರವಾಗಿ ಅಲ್ಲೇ ಇಳಿಯುತ್ತದೆ. ಮೇಲೆ ಟೋಪಿ ಮುಚ್ಚಿ, ಕೊಳವೆಯ ಬುಡದಲ್ಲಿ ನೀರು ಸೋರಲು ಒಂದು ತೂತು ಬಿಡಿ. ಬೆಟ್ಟದ ತಪ್ಪಲಿನ ಊರುಗಳಲ್ಲಿ ಕೋತಿಗಳು ಕಡ್ಡಿಗೆ ಜೋತಾಡುತ್ತವೆ. 12 ಮಿ.ಮೀ.ಗಿಂತ ತೆಳುವಾದ ಅಲ್ಯೂಮಿನಿಯಂ ಕೊಳವೆ ಬಾಳುವುದಿಲ್ಲ.

ಆಂಟೆನಾದಿಂದ ಕೆಳಗಿಳಿಯುವ ಸರಣಿಯ ಕ್ರಮ ಹೀಗಿರಲಿ: ಮೊದಲು ಎಫ್‌ಎಂ ತಡೆಯುವ ಫಿಲ್ಟರ್, ಆಮೇಲೆ ಆಂಪ್ಲಿಫೈಯರ್, ಆಮೇಲೆ ಕೇಬಲ್. ಫಿಲ್ಟರ್ ಮತ್ತು ಆಂಪ್ಲಿಫೈಯರನ್ನು ಅದಲುಬದಲು ಮಾಡುವುದು ಅತಿ ಸಾಮಾನ್ಯ ತಪ್ಪು. ಎಫ್‌ಎಂ ಶಕ್ತಿ ಆಂಪ್ಲಿಫೈಯರನ್ನು ಉಸಿರುಗಟ್ಟಿಸಿದಾಗ ಅದು ತಾನೇ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಬೆಂಗಳೂರಿನ 91.1ರ ಎರಡರಷ್ಟರಿಂದ ವಿವಿಧಭಾರತಿಯ 102.9 ಕಳೆಯಿರಿ: 79.3. ಗಾಳಿಯಲ್ಲಿ ಇಲ್ಲದ ಈ ನಿಲಯ ನಿಮ್ಮ ಶುದ್ಧ ಪಟ್ಟಿಯ ನಡುವೆ ಬಂದು ಕೂರುತ್ತದೆ. ಫಿಲ್ಟರಿಗೂ ಅಂಚು ಚೂಪಾಗಿರುವುದಿಲ್ಲ, 84ರಿಂದ 114ರವರೆಗೆ ಬಿಟ್ಟದ್ದು ಅದಕ್ಕೇ. ಆಂಪ್ಲಿಫೈಯರಿನ ಸ್ವಂತ ಗದ್ದಲ ಅರ್ಧ ಡೆಸಿಬಲ್ಲೋ ಒಂದೋ ಎಂದು ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಈ ಕಂಪನಾಂಕಗಳಲ್ಲಿ ಆಕಾಶಗಂಗೆಯೇ ದೊಡ್ಡ ಗದ್ದಲ, ರೇಡಿಯೊದವರು ಗದ್ದಲವನ್ನು ತಾಪಮಾನದ ಲೆಕ್ಕದಲ್ಲಿ ಹೇಳುತ್ತಾರೆ: 80 ಮೆಗಾಹರ್ಟ್ಸ್‌ನಲ್ಲಿ ಸುಮಾರು 1,500 ಕೆಲ್ವಿನ್, 45ರಲ್ಲಿ 6,500ರ ಆಸುಪಾಸು. ಒಂದು ಡೆಸಿಬಲ್ ಗದ್ದಲದ ಆಂಪ್ಲಿಫೈಯರ್ ಸೇರಿಸುವುದು 75 ಕೆಲ್ವಿನ್. ಬಲವಾದ ಸಂಕೇತಕ್ಕೆ ಕುಗ್ಗದ ಆಂಪ್ಲಿಫೈಯರಿಗೆ ದುಡ್ಡು ಕೊಡಿ. ಕೇಬಲಿಗೆ ಡಿಟಿಎಚ್‌ನವರ ಆರ್‌ಜಿ-6 ಸಾಕೇ ಎಂದು ಕೇಳುವವರಿಗೆ: 30 ಮೀಟರಿಗೆ 100 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬಲ್ ನಷ್ಟ, ಆಂಪ್ಲಿಫೈಯರ್ ಮೇಲೆಯೇ ಇದ್ದರೆ ಸಾಕು. 75 ಓಮ್ ಕೇಬಲ್ 50 ಓಮ್‌ಗೆ ಸೇರುವಲ್ಲಿನ ನಷ್ಟ ಡೆಸಿಬಲ್ಲಿನ ಐದನೇ ಒಂದು ಭಾಗವೂ ಅಲ್ಲ, ಆದರೆ ಪಟ್ಟಿಯುದ್ದಕ್ಕೂ ಸಣ್ಣ ಏರಿಳಿತ ಕಂಡರೆ ಗಾಬರಿಯಾಗಬೇಡಿ.

ಇದರಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಪೆಟ್ಟಿಗೆಯ ಅಳತೆ 8 ಬಿಟ್, ಒಂದು ಅಂಕಿ ಎಂದರೆ 0.39 ಡೆಸಿಬಲ್. 7 ಡಿಬಿಐ ಗಳಿಕೆಯ (ಎಲ್ಲ ದಿಕ್ಕಿಗೂ ಸಮನಾಗಿ ಕೇಳುವ ಆಂಟೆನಾಕ್ಕಿಂತ 7 ಡೆಸಿಬಲ್ ಹೆಚ್ಚು) ಆಂಟೆನಾ 80 ಮೆಗಾಹರ್ಟ್ಸ್‌ನಲ್ಲಿ 5.6 ಚದರ ಮೀಟರ್ ಬಲೆಯಿದ್ದಂತೆ. ಶಾಂತ ಸೂರ್ಯ ಅದರಲ್ಲಿ ಸೇರಿಸುವುದು 40 ಕೆಲ್ವಿನ್, ಅಂದರೆ ಡೆಸಿಬಲ್ಲಿನ ಹತ್ತರಲ್ಲೊಂದು, ಅರ್ಧ ಅಂಕಿಯೂ ಅಲ್ಲ. ಶಾಂತ ಸೂರ್ಯ ಕಾಣಲಿಲ್ಲವೆಂದು ಪೆಟ್ಟಿಗೆ ಹಿಂದಿರುಗಿಸಲು ಹೊರಡುವವರು ಈ ಲೆಕ್ಕ ಮಾಡಲಿ. 100 ಸೌರ ಹರಿವು ಘಟಕದ (ಸೂರ್ಯನಿಂದ ಬರುವ ರೇಡಿಯೊ ಶಕ್ತಿಯ ಅಳತೆಮಾನ) ಸಿಡಿತ 2,000 ಕೆಲ್ವಿನ್, ಆಕಾಶದ ಮೇಲೆ 3.7 ಡೆಸಿಬಲ್, ಒಂಬತ್ತೋ ಹತ್ತೋ ಅಂಕಿ. ಚೆನ್ನಾಗಿ ಕಾಣುತ್ತದೆ. 10 ಘಟಕದ್ದು ಒಂದೂವರೆ ಅಂಕಿ, ಕಣ್ಣಿಗೆ ಬಿದ್ದರೆ ಬಿತ್ತು.

ಊರಿಗೊಂದು ಗದ್ದಲ. ಚಿಕ್ಕಬಳ್ಳಾಪುರ ಮತ್ತು ಆಸುಪಾಸಿನಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದ ಮಾತುಕತೆ 118ರಿಂದ 137ರವರೆಗೆ ಬಿಟ್ಟುಬಿಟ್ಟು ಬರುತ್ತದೆ. ಅಲ್ಲಿ ಚಾನಲ್ ಇಡುವಾಗ ಎಚ್ಚರ. ಶಿಡ್ಲಘಟ್ಟದ ಕಡೆ ರೇಷ್ಮೆ ಬಿಚ್ಚಾಣಿಕೆಯ ಘಟಕಗಳ ಪಕ್ಕ ಇಟ್ಟರೆ ಮೋಟರುಗಳ ಕಿಡಿ. ಕೋಲಾರದ ತೋಟಗಳ ನಡುವೆ ಬೋರ್‌ವೆಲ್ ಸ್ಟಾರ್ಟರ್, ಸೋಲಾರ್ ಪಂಪಿನ ಡ್ರೈವ್. ತುಮಕೂರು ನಗರದಲ್ಲಿ ಎಲ್‌ಇಡಿ ಬೀದಿದೀಪ, ಸಿಸಿಟಿವಿ ಅಡಾಪ್ಟರ್, ಲಿಫ್ಟು. ಪಾವಗಡದ ಕಡೆ ಬಯಲು ನಿಶ್ಶಬ್ದ ಎಂದು ಹೋಗುವವರು ಸೋಲಾರ್ ಪಾರ್ಕಿನ ಇನ್ವರ್ಟರುಗಳಿಂದ ದೂರ ಜಾಗ ನೋಡಿಕೊಳ್ಳಲಿ; ಸೂರ್ಯನ ಸಿಡಿತವನ್ನು ಸೂರ್ಯನ ಕರೆಂಟೇ ಮುಚ್ಚಿಹಾಕುವುದು ಒಂದು ತಮಾಷೆಯೇ ಸರಿ. ಗೌರಿಬಿದನೂರಿನ ಬಯಲನ್ನು ಖಗೋಳ ವಿಜ್ಞಾನಿಗಳು 1970ರ ದಶಕದಲ್ಲಿ ಸುಮ್ಮನೆ ಆರಿಸಿಕೊಂಡದ್ದಲ್ಲ. 34.5 ಮೆಗಾಹರ್ಟ್ಸ್‌ನ ಇಂಗ್ಲಿಷ್ ಟೀ ಅಕ್ಷರದ ಆಕಾರದ, ಸಾವಿರ ದ್ವಿಧ್ರುವಗಳ ದೂರದರ್ಶಕವೂ ಆಮೇಲೆ 1997ರಿಂದ ಸೌರ ರೇಡಿಯೊ ಚಿತ್ರ ತೆಗೆಯುವ ಹೆಲಿಯೋಗ್ರಾಫ್ ಕೂಡ ಅಲ್ಲೇ ಸ್ಥಾಪನೆಯಾದವು. ಕ್ಯಾಲಿಸ್ಟೊ ಎತ್ತರವನ್ನು ಮಾದರಿಯಿಂದ ಊಹಿಸುತ್ತದೆ, ಹೆಲಿಯೋಗ್ರಾಫ್ ಆಕಾಶದಲ್ಲಿ ಜಾಗವನ್ನೇ ತೋರಿಸುತ್ತದೆ. ಈ ವ್ಯತ್ಯಾಸ ಮರೆತು ಬರೆದ ವರದಿಗಳು ಬಹಳ.

ಸುಳ್ಳು ಸಿಡಿತ ಗುರುತಿಸಲು ಒಂದೇ ನಿಯಮ ಮುಕ್ಕಾಲು ಕೆಲಸ ಮಾಡುತ್ತದೆ: ಸೂರ್ಯನದು ಓರೆ. ಏಪ್ರಿಲ್-ಮೇ ಗುಡುಗಿನ ಮಿಂಚು, ಮೋಟರ್ ಚಾಲೂ ಆದ ಕಿಡಿ, ಇವು ಎಲ್ಲ ಕಂಪನಾಂಕಗಳಲ್ಲಿ ಒಂದೇ ಕಾಲಮ್ಮಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ನಿಲಯಗಳು ಅಡ್ಡಗೆರೆಯಾಗಿ ಮಲಗುತ್ತವೆ. ಏಳು ಚುಕ್ಕೆಯಷ್ಟೇ ಇದ್ದರೂ ಓರೆ ಓರೆಯೇ. 11 ಕೆವಿ ತಂತಿಯ ಕೊಳಕು ಇನ್ಸುಲೇಟರ್ ಮಾತ್ರ ಸುಲಭಕ್ಕೆ ಸಿಕ್ಕಿಬೀಳದು, ಒಣಗಾಳಿಯಲ್ಲಿ ಗಂಟೆಗಟ್ಟಲೆ ಸದ್ದು ಮಾಡಿ ಮೊದಲ ಮಳೆಗೆ ಸುಮ್ಮನಾಗುತ್ತದೆ. ಉಳಿದ ಅನುಮಾನಕ್ಕೆ ಇ-ಕ್ಯಾಲಿಸ್ಟೊ ಜಾಲ ಇದೆ. ಗೌರಿಬಿದನೂರು, ಊಟಿ ಸೇರಿ ಜಗತ್ತಿನ ಹಲವು ನಿಲ್ದಾಣಗಳ ಕಡತ ಅಲ್ಲಿ ಪುಕ್ಕಟೆ ಸಿಗುತ್ತದೆ. ಅದೇ ಕ್ಷಣದಲ್ಲಿ ಅಲ್ಲೂ ಇದ್ದರೆ ಸೂರ್ಯನದು, ನಿಮ್ಮಲ್ಲಿ ಮಾತ್ರ ಇದ್ದರೆ ಪಕ್ಕದ ಮನೆಯದು.

ಅದೇ ಕ್ಷಣ ಎಂದಾಗ ಗಡಿಯಾರದ ಮಾತು ಬರುತ್ತದೆ. ತಂತ್ರಾಂಶ ಓಡುವುದು ವಿಂಡೋಸ್‌ನಲ್ಲಿ, ಸಮಯ ತೆಗೆದುಕೊಳ್ಳುವುದು ಕಂಪ್ಯೂಟರಿನಿಂದ, ಕಡತಕ್ಕೆ ಹೆಸರಿಡುವುದು ಸಾರ್ವತ್ರಿಕ ಸಮಯದಲ್ಲಿ. ನಮ್ಮ ಐದೂವರೆ ಗಂಟೆ ಕಳೆಯಲು ಮರೆತು ಸಿಡಿತವೇ ಬಂದಿಲ್ಲ ಎಂದುಕೊಳ್ಳುವುದು ಮೊದಲ ವಾರದ ಮಾಮೂಲಿ ತಪ್ಪು. ಕಂಪ್ಯೂಟರ್ ಇಂಟರ್ನೆಟ್ಟಿನಿಂದ ದಿನಕ್ಕೆ ಹಲವು ಸಲ ಸಮಯ ಸರಿಪಡಿಸಿಕೊಳ್ಳುವಂತೆ ಇಡಿ. ಒಂದು ಕಡತ 15 ನಿಮಿಷದ್ದು, 3,600 ಕಾಲಮ್, 200 ಸಾಲು, ಕುಗ್ಗಿಸದಿದ್ದರೆ 7.2 ಲಕ್ಷ ಬೈಟ್. 12 ಗಂಟೆಗೆ 48 ಕಡತ, 35 ಮೆಗಾಬೈಟಿಗಿಂತ ಕಡಿಮೆ. ಹಳೆಯ ಲ್ಯಾಪ್‌ಟಾಪ್ ಧಾರಾಳ ಸಾಕು, ಆದರೆ ಅದರ ಚಾರ್ಜರೇ ಗದ್ದಲದ ಮೂಲವಾಗದಂತೆ ಫೆರೈಟ್ ಹಾಕಿ. ಅಗ್ಗದ ಯುಎಸ್‌ಬಿ-ಸೀರಿಯಲ್ ಅಡಾಪ್ಟರುಗಳು ನಡುನಡುವೆ ಕೈಕೊಡುತ್ತವೆ. ಪರದೆಯಲ್ಲಿ ಚಿತ್ರ ಹರಿಯುವುದು ನಿಂತು ಗಡಿಯಾರ ಮಾತ್ರ ಓಡುತ್ತಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ಪರ್ಯಾಯ ಕೇಳಿದರೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್. ತೀರ ಅಗ್ಗ. ಆದರೆ ಒಂದು ಸಲಕ್ಕೆ ನೆಚ್ಚಿಕೊಳ್ಳಬಹುದಾದ ಅಗಲ 2.4 ಮೆಗಾಹರ್ಟ್ಸ್, 45ರಿಂದ 80ಕ್ಕೆ 15 ಹೆಜ್ಜೆ. ಜೊತೆಗೆ ಸಿಗುವ ಆರ್‌ಟಿಎಲ್-ಪವರ್ ಆದೇಶ ಒಂದು ಸೆಕೆಂಡಿಗಿಂತ ಬೇಗ ಸಾಲು ಬರೆಯುವುದಿಲ್ಲ, ಹಾಗಾಗಿ ಮೂರನೇ ಬಗೆಗೆ ಎರಡೇ ಚುಕ್ಕೆ. ಎರಡನೇ ಬಗೆ ನೋಡಲು, ಆಂಟೆನಾ ಮತ್ತು ಜಾಗವನ್ನು ಪರೀಕ್ಷಿಸಲು ಅದು ಸಾಕು. ನಿಜ ಹೇಳಬೇಕೆಂದರೆ ಡಾಂಗಲಿನಲ್ಲಿ ಒಂದು ತಿಂಗಳು ಜಾಗದ ಗದ್ದಲ ಅಳೆದು, ಅದೇ ತಿಂಗಳು ಗೌರಿಬಿದನೂರಿನ ಕಡತಗಳನ್ನು ಇಳಿಸಿಕೊಂಡು ಓರೆಗೆರೆ ಗುರುತಿಸಲು ಕಣ್ಣು ಪಳಗಿಸಿ, ಆಮೇಲೆ ಕ್ಯಾಲಿಸ್ಟೊಗೆ ಬೇಡಿಕೆ ಸಲ್ಲಿಸಿದವರ ಪೆಟ್ಟಿಗೆ ಬಂದ ದಿನದಿಂದಲೇ ಕೆಲಸ ಮಾಡುತ್ತದೆ. ಜೊತೆಗೆ ಬೇಡಿಕೆ ಪತ್ರದಲ್ಲಿ ಟ್ಯೂನರಿನ ಪರೀಕ್ಷಾ ವರದಿ, ಸೀರಿಯಲ್ ಕೇಬಲ್, 12 ವೋಲ್ಟಿನ ಲೀನಿಯರ್ ಪವರ್ ಸಪ್ಲೈ ಮೂರನ್ನೂ ಬರೆಯಿಸಿ. ಸ್ವಿಚಿಂಗ್ ಅಡಾಪ್ಟರ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ಅರ್ಥಿಂಗ್ ಮಾತ್ರ ಪೆಟ್ಟಿಗೆ ಬರುವ ಮೊದಲೇ ಮುಗಿದಿರಬೇಕು. ಆಂಟೆನಾದ ಕಂಬದಿಂದ ಅರ್ಥಿಂಗ್ ಗುಂಡಿಗೆ ದಪ್ಪ ತಾಮ್ರದ ಪಟ್ಟಿ, ಕೇಬಲ್ ಕಟ್ಟಡದೊಳಗೆ ನುಗ್ಗುವ ಜಾಗದಲ್ಲಿ ಮಿಂಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್, ಅದಕ್ಕೂ ಅದೇ ಗುಂಡಿಯ ಸಂಪರ್ಕ. ಎರಡು ಬೇರೆ ಗುಂಡಿಗಳಿಗೆ ಕೊಟ್ಟರೆ ಮಿಂಚು ಹೊಡೆದಾಗ ಎರಡರ ನಡುವಿನ ವೋಲ್ಟೇಜು ಪೆಟ್ಟಿಗೆಯ ಮೂಲಕವೇ ಹಾದುಹೋಗುತ್ತದೆ. ಬಯಲುಸೀಮೆಯ ಕಲ್ಲುನೆಲದಲ್ಲಿ ಇದ್ದಿಲು-ಉಪ್ಪಿನ ಗುಂಡಿ ಬೇಸಿಗೆಗೆ ಒಣಗಿ ರೋಧ ಏರುತ್ತದೆ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೆರಡು ಬಿಂದಿಗೆ ನೀರು ಹಾಕಿ, ತಿಂಗಳಿಗೊಮ್ಮೆ ಅಳೆದು 5 ಓಮ್‌ಗಿಂತ ಕೆಳಗಿದೆಯೇ ನೋಡಿ. ಗುಡುಗು ಶುರುವಾದ ಸಂಜೆ ಅರೆಸ್ಟರನ್ನು ನಂಬದೆ ಕೇಬಲನ್ನೇ ಕಳಚಿಡಿ. ಆ ಹೊತ್ತಿಗೆ ಸೂರ್ಯ ಹೇಗೂ ಆಂಟೆನಾದ ನೋಟದಿಂದ ಇಳಿದಿರುತ್ತಾನೆ.